ತಟ್ಟೆಯಲ್ಲಿ ಬಿಡದವರ ಮನೆಯಲ್ಲಿ ಸಣ್ಣ ಹೊಟ್ಟೆ

ಯಾರು ಕೇಳಿದರೂ ಹೊಟ್ಟೆ ಹುಣ್ಣು ಎಂದು ಹೇಳಬೇಕು ಎಂದು ಅಪ್ಪ ತೀರ್ಮಾನಿಸಿದ್ದು ಕೊಯಮತ್ತೂರಿನಿಂದ ವಾಪಸು ಬರುವಾಗ, ಸತ್ಯಮಂಗಲದ ಘಾಟಿ ಹತ್ತುತ್ತಿದ್ದ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಹೊಟ್ಟೆಗೆ ತಲೆದಿಂಬು ಒತ್ತಿಕೊಂಡು ಕೂತಿದ್ದ ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಹುಣ್ಣು ಎಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ನಮ್ಮ ಕಡೆ ಅರ್ಧ ಜನಕ್ಕೆ ಅದು ಇದ್ದೇ ಇದೆ ಎಂದರು. ದಪ್ಪ ಕರಗಲಿ ಎಂದು ಹೊಟ್ಟೆ ಕುಯ್ಸಿಕೊಂಡಳು ಎಂದು ಗೊತ್ತಾದರೆ ಮಂಡಿಯಲ್ಲಿ ತಲೆಗೊಂದು ಮಾತಾಡುತ್ತಾರೆ, ನಾಳೆ ಎಲ್ಲಿಂದಾದರೂ ಸಂಬಂಧ ಬಂದರೆ ಎಂದು ಶುರುಮಾಡಿ, ಮಾತು ನಿಲ್ಲಿಸಿ, ಕಿಟಕಿಯಾಚೆ ನೋಡತೊಡಗಿದರು.

ನಾನೂ ಹೂಂ ಎಂದೆ. ನನ್ನ ವಿಷಯ ನಾಲ್ಕು ಜನರ ಬಾಯಿಗೆ ಬೀಳುವುದು ನನಗೂ ಬೇಕಿರಲಿಲ್ಲ. ಆಪರೇಷನ್ನಿನಿಂದ ಪಟ್ಟ ಪಾಡಿಗಿಂತ ಆ ಹುಣ್ಣಿನ ಕತೆಯಿಂದ ಪಟ್ಟ ಪಾಡೇ ಹೆಚ್ಚು ಎಂದು ಈಗ ಹೇಳಬಲ್ಲೆ. ಈಚೆಗೆ ಇಬ್ಬರು ಹೆಂಗಸರು ಬೇರೆ ಬೇರೆ ಕಡೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಅದು ಹೇಗಿರುತ್ತದೆ ಎಂದು ಕೇಳಿದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸುವ ಸಂಗತಿಯಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ಚಾಮರಾಜನಗರದಲ್ಲಿ. ಅಪ್ಪನದು ಅರಿಶಿನದ ಮಂಡಿ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವ ಕೆಲಸ ಸಿಕ್ಕಿತು. ದಿನಾ ಬಸ್ಸು. ಬಸ್ಸು ಹತ್ತಿದ ಕೂಡಲೇ ಜನ ಮೊದಲು ನನ್ನನ್ನು ನೋಡುತ್ತಿದ್ದರು, ಆಮೇಲೆ ತಮ್ಮ ಪಕ್ಕದ ಖಾಲಿ ಜಾಗ ನೋಡುತ್ತಿದ್ದರು, ಆಮೇಲೆ ಅಲ್ಲಿ ಚೀಲ ಇಡುತ್ತಿದ್ದರು. ಕಂಡಕ್ಟರ್ ಒಳ್ಳೆಯವನು. “ಮೇಡಂ, ಮೂರು ಜನುದ್ ಸೀಟ್ಗೋಗಿ, ಅಲ್ಲಿ ಆರಾಮಾಯ್ತದೆ” ಎಂದು ಇಡೀ ಬಸ್ಸಿಗೆ ಕೇಳುವಂತೆ ಉಪಕಾರ ಮಾಡುತ್ತಿದ್ದ.

ಸಲಹೆಗಳಿಗೆ ಬರವಿರಲಿಲ್ಲ. ಹುರುಳಿ ಕಟ್ಟು, ಬಿಸಿನೀರಿಗೆ ಜೇನುತುಪ್ಪ, ಬೆಳಗ್ಗೆ ಎದ್ದು ಓಡಾಟ, ಅನ್ನ ಬಿಟ್ಟು ಮುದ್ದೆ, ಮುದ್ದೆ ಬಿಟ್ಟು ಚಪಾತಿ. ಇವೆಲ್ಲವನ್ನೂ ನಾನು ಮಾಡಿದ್ದೆ, ಬರೀ ಮಾಡಿರಲಿಲ್ಲ, ಅಳತೆ ಹಿಡಿದು ಮಾಡಿದ್ದೆ. ಸ್ವಲ್ಪ ಇಳಿಯುತ್ತಿತ್ತು, ಬಿಟ್ಟ ತಿಂಗಳಲ್ಲೇ ಬಡ್ಡಿ ಸಮೇತ ವಾಪಸು ಬರುತ್ತಿತ್ತು. ಸಲಹೆ ಕೊಟ್ಟವರ ಮನೆಗೇ ಹೋದರೆ ಅವರೇ ತಟ್ಟೆ ತುಂಬ ಕೋಡುಬಳೆ ತಂದಿಟ್ಟು, “ತಿನ್ನಮ್ಮಿ, ಇಷ್ಟುಕ್ಕೆ ಏನೂ ಆಗಕಿಲ್ಲ” ಎನ್ನುತ್ತಿದ್ದರು.

ನೋಡುವವರ ಕಣ್ಣಿಗೆ ಅದು ಬರೀ ದಪ್ಪ. ನನಗೆ ಅದು ಕಾಯಿಲೆಯಾಗಿತ್ತು. ಇಪ್ಪತ್ತಾರಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಲ್ಯಾಬಿನಲ್ಲಿ ಹುಡುಗರು ಬ್ಯುರೆಟ್ಟಿನ ಹನಿ ನೋಡುತ್ತಿದ್ದರೆ ನಾನು ನಿಂತಲ್ಲೇ ತೂಕಡಿಸುತ್ತಿದ್ದೆ, ಏಕೆಂದರೆ ಮಲಗಿದಾಗ ಉಸಿರು ನಿಂತು ನಿಂತು ಬರುತ್ತಿತ್ತು. ಅವ್ವ ನನ್ನ ಪಕ್ಕದಲ್ಲೇ ಹಾಸಿಕೊಂಡು, ಉಸಿರಿನ ಸದ್ದು ನಿಂತಾಗಲೆಲ್ಲ ಭುಜ ಅಲ್ಲಾಡಿಸುತ್ತಿದ್ದಳು. ಮೈಸೂರಿನ ವೈದ್ಯರೊಬ್ಬರು ಥೈರಾಯಿಡ್ ನೋಡಿಸಿ, ಅದು ಸರಿಯಿದೆ ಎಂದು ಗೊತ್ತಾದ ಮೇಲೆ ನನ್ನನ್ನು ಹೊರಗೆ ಕೂರಿಸಿ ಅಪ್ಪನ ಹತ್ತಿರ ಮಾತಾಡಿದರು. ಹೀಗೇ ಹೋದರೆ ಹುಡುಗಿ ನಲವತ್ತು ನೋಡುವುದು ಕಷ್ಟ ಎಂದರಂತೆ. ಅಪ್ಪ ಅದನ್ನು ನನಗೆ ಹೇಳಲಿಲ್ಲ. ಅವ್ವನಿಗೆ ಹೇಳಿದರು. ಅವ್ವ ಆ ದಿನ ರಾಗಿ ರೊಟ್ಟಿಗೆ ಬೆಣ್ಣೆ ಹಾಕಿಕೊಟ್ಟು ಅತ್ತಳು.

ದಾರಿ ತೋರಿಸಿದವರು ಈರೋಡಿನ ಅರಿಶಿನ ವ್ಯಾಪಾರಿಯೊಬ್ಬರು. ಅಪ್ಪನಿಗೆ ಹಳೆಯ ಪರಿಚಯ, ನಾನು ಚಿಕ್ಕವಳಿದ್ದಾಗಿನಿಂದ ಮಾಮ ಎನ್ನುತ್ತಿದ್ದೆ. ಹೊಟ್ಟೆಯನ್ನೇ ಸಣ್ಣದು ಮಾಡುವ ಆಪರೇಷನ್ನು ಕಲಿತು ಬಂದ ಸರ್ಜನ್ ಒಬ್ಬರು ಕೊಯಮತ್ತೂರಿನಲ್ಲಿದ್ದಾರೆ ಎಂದು ಅವರು ಹೇಳಿದರು. ಫೋನು ಮಾಡಿದಾಗ ಆಸ್ಪತ್ರೆಯವರು ಮೊದಲು ಕೇಳಿದ್ದು ತೂಕ. ನಮ್ಮೂರಿನ ಡಾಕ್ಟರ ತೂಕದ ಯಂತ್ರದಲ್ಲಿ ಮುಳ್ಳು ಕೊನೆಗೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಹಾಗಾಗಿ ಒಂದು ಭಾನುವಾರ, ಮಂಡಿಗೆ ರಜೆ ಇದ್ದಾಗ, ಅಪ್ಪ ಅಂಗಡಿಯ ಬಾಗಿಲು ಅರ್ಧ ತೆರೆದು ನನ್ನನ್ನು ಅರಿಶಿನದ ಮೂಟೆ ತೂಗುವ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿದರು. ಸರಳಿನ ಮೇಲೆ ಬಟ್ಟು ಸರಿಸಿ, ಕಣ್ಣು ಕಿರಿದು ಮಾಡಿ, ನೂರ ಮೂವತ್ತೆರಡು ಎಂದರು. ಆಮೇಲೆ ಕೈ ಅಭ್ಯಾಸಕ್ಕೆ, “ಒಂದ್ ಕೆಜಿ ಚೀಲಕ್ಕೆ ಕಳೀಬೇಕು” ಎಂದರು. ಎಂದಮೇಲೆ ತಾವು ಏನೆಂದೆವೆಂದು ತಿಳಿದು ಮುಖ ಆ ಕಡೆ ಮಾಡಿದರು. ನನಗೆ ನಗು ಬಂತು. ಆ ಇಡೀ ವರ್ಷದಲ್ಲಿ ನನ್ನಿಂದ ಏನನ್ನಾದರೂ ಕಳೆದವರು ಅವರೊಬ್ಬರೇ.

ಕೊಯಮತ್ತೂರಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕುರ್ಚಿಗಳಿಗೆಲ್ಲ ಕೈಯಿತ್ತು. ಕೈಯಿರುವ ಕುರ್ಚಿಯಲ್ಲಿ ನಾನು ಕೂರಲಾರೆ. ಕೂತರೆ ಏಳುವಾಗ ಕುರ್ಚಿಯೂ ಏಳುತ್ತದೆ. ಗೋಡೆಗೊರಗಿ ನಿಂತೆ. ಆಚೀಚೆ ಓಡಾಡುತ್ತಿದ್ದ ನರ್ಸು ಪ್ರತಿ ಸಲವೂ ಕೂತುಕೊಳ್ಳಿ ಎಂದು ತಮಿಳಿನಲ್ಲಿ ಹೇಳುವುದು, ನಾನು ಪರವಾಗಿಲ್ಲ ಎಂದು ಕನ್ನಡದಲ್ಲಿ ಹೇಳುವುದು. ತೂಕ ಕಡಿಮೆ ಮಾಡುವ ಆಸ್ಪತ್ರೆಯಲ್ಲೇ ತೂಕದವರಿಗೆ ಕೂರಲು ಜಾಗವಿಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸರ್ಜನ್ ನಿಧಾನದ ಮನುಷ್ಯ. ಮಾಮ ನಡುವೆ ಕೂತು ತಮಿಳನ್ನು ಕನ್ನಡ ಮಾಡುತ್ತಿದ್ದರು. ದಾರಿ ಮೂರಿವೆ ಎಂದರು ಸರ್ಜನ್. ಒಂದು, ಹೊಟ್ಟೆಯ ಮೇಲ್ಭಾಗದಲ್ಲಿ ಪಿನ್ನು ಹೊಡೆದು ಪುಟ್ಟ ಚೀಲ ಮಾಡಿ, ಅದರ ಬಾಯಿಗೆ ಪಟ್ಟಿ ಕಟ್ಟುವುದು. ಇನ್ನೊಂದು, ಕರುಳಿನ ದಾರಿಯನ್ನೇ ತಿರುಗಿಸುವುದು. ಅದರಲ್ಲಿ ತೂಕ ಹೆಚ್ಚು ಇಳಿಯುತ್ತದೆ, ಆದರೆ ಆಪರೇಷನ್ ದೊಡ್ಡದು, ಮೈಗೆ ಸತ್ವ ಹಿಡಿಯುವುದೂ ಕಡಿಮೆ. ಮೂರನೆಯದು ಸಣ್ಣ ತೂತುಗಳಲ್ಲೇ ಒಳಗೆ ಹೋಗಿ ಬೇಕೆಂದಾಗ ಬಿಗಿ ಮಾಡಬಹುದಾದ ಪಟ್ಟಿ ಹಾಕುವುದು, ಅದು ಹೊರದೇಶದಲ್ಲಿ ಶುರುವಾಗಿದೆ, ತಾವು ಇನ್ನೂ ಮಾಡುತ್ತಿಲ್ಲ. ಏನೂ ಮಾಡಿಸಿಕೊಳ್ಳದೆ ಮನೆಗೆ ಹೋಗುವುದೂ ಒಂದು ದಾರಿಯೇ, ಅದರ ಅಪಾಯವನ್ನೂ ಕೇಳಿಕೊಂಡು ಹೋಗಿ ಎಂದರು. ನನಗೆ ಅವರು ಸೂಚಿಸಿದ್ದು ಮೊದಲನೆಯದು. ಇದರಲ್ಲಿ ಜೀವಕ್ಕೆ ಅಪಾಯವಿಲ್ಲವೇ ಎಂದು ಅಪ್ಪ ಕೇಳಿದಾಗ, ಇದೆ ಎಂದರು. ಸುತ್ತಿ ಬಳಸಿ ಹೇಳಲಿಲ್ಲ. ಆ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಅವರು ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳಿದರು. ಮೊದಲ ತಿಂಗಳುಗಳಲ್ಲಿ ಒತ್ತಿ ತಿನ್ನಿಸಿದರೆ ಪಿನ್ನು ಬಿಡಬಹುದು, ಬಿಟ್ಟರೆ ಒಳಗೇ ಸೋರುತ್ತದೆ, ಆಗ ನಾನು ಉಳಿಸಿಕೊಳ್ಳುತ್ತೇನೆಂದು ಹೇಳಲಾರೆ, ಹಾಗಾಗಿ ಅಡುಗೆಯವರ ಹತ್ತಿರ ಮಾತಾಡಬೇಕು ಎಂದರು. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಅಡುಗೆ ಮಾಡೋದು ನಾನೇ ಸ್ವಾಮಿ. ಬಡ್ಸೋದು ಎಲ್ರೂವೆ.” ಮಾಮ ಅದನ್ನು ತಮಿಳಿಗೆ ತಿರುಗಿಸಿದಾಗ ಸರ್ಜನ್ ಪೆನ್ನು ಕೆಳಗಿಟ್ಟು ನಕ್ಕರು. ನಗುವ ಮಾತಲ್ಲ ಎಂಬುದು ಅವರಿಗೆ ತಿಳಿದಿರಲಾರದು.

ಒಂದು ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡಿದ್ದ ಕೇರಳದ ಬತ್ತೇರಿಯ ಟೀಚರೊಬ್ಬರು ಆ ದಿನ ತೋರಿಸಿಕೊಳ್ಳಲು ಬಂದಿದ್ದರು. ಸರ್ಜನ್ ಅವರನ್ನು ನನ್ನ ಹತ್ತಿರ ಕಳಿಸಿದರು. ತರಕಾರಿಗೆ ಗುಂಡ್ಲುಪೇಟೆಗೆ ಬಂದು ಬಂದು ಕಲಿತ ಕನ್ನಡ ಅವರದು. ಕೂದಲು ಉದುರುತ್ತದೆ, ಹೆದರಬೇಡ, ಬರುತ್ತದೆ ಎಂದರು. ಮಾಂಸ ಕರಗಿ ಚರ್ಮ ಜೋತು ಬೀಳುತ್ತದೆ, ಅದು ಹೋಗುವುದಿಲ್ಲ ಎಂದರು. ತುತ್ತು ಸಿಕ್ಕಿಕೊಂಡರೆ ನೀರು ಕುಡಿಯಬೇಡ, ಎದ್ದು ಓಡಾಡು ಎಂದರು. ಕೊನೆಗೆ ಹತ್ತಿರ ಬಂದು, ಮಗಳೇ ಎನ್ನುವುದನ್ನು ಮಾತ್ರ ತಮ್ಮ ಮಲಯಾಳದಲ್ಲೇ ಉಳಿಸಿಕೊಂಡು, “ನಾನು ಯಾರಿಗೂ ಹೇಳ್ಲಿಲ್ಲ ಮೋಳೆ. ಎಲ್ಲರೂ ಕ್ಯಾನ್ಸರ್ ಅಂತ ತೀರ್ಮಾನ ಮಾಡಿ ನೋಡಕ್ಕೆ ಬಂದ್ರು” ಎಂದರು. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಗೌರಿ ಹಬ್ಬ ಕಳೆದ ಮೇಲೆ ಆಪರೇಷನ್ ಆಯಿತು. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಥಿಯೇಟರಿನ ಮೇಜು ನನಗಿಂತ ಕಿರಿದು ಎಂದು ಅನ್ನಿಸಿ ಬಿದ್ದುಬಿಡುವ ಭಯವಾಯಿತು. ಸಾಯುವ ಭಯ ಆಮೇಲೆ ಬಂತು, ಅಷ್ಟರಲ್ಲಿ ಮೂಗಿಗೆ ಮುಖವಾಡ ಇಟ್ಟಿದ್ದರು. ಎಚ್ಚರವಾದಾಗ ಎದೆಮೂಳೆಯ ಕೆಳಗಿನಿಂದ ಹೊಕ್ಕುಳವರೆಗೆ ಬೆಂಕಿಯ ಗೆರೆ ಎಳೆದಂತಿತ್ತು. ಎಚ್ಚರವಾದ ಮಾರನೆಯ ದಿನವೇ ನಡೆಸಿದರು. ಕೆಮ್ಮಬೇಕು ಎನ್ನುತ್ತಿದ್ದರು. ಕೆಮ್ಮಿದರೆ ಹೊಲಿಗೆ ಹರಿದಂತಾಗುತ್ತಿತ್ತು. ದಿಂಬನ್ನು ಗಾಯಕ್ಕೆ ಒತ್ತಿ ಹಿಡಿದು ಕೆಮ್ಮುವುದನ್ನು ಒಬ್ಬ ನರ್ಸು ಕಲಿಸಿದಳು. ನೀರು ಕೊಡುವಂತಿರಲಿಲ್ಲವಾದ್ದರಿಂದ ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಿದ್ದವಳೂ ಅವಳೇ. ಅವಳ ಹೆಸರು ಕೇಳಿಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಸಲ ನೀರು ಕೊಟ್ಟಾಗ ಔಷಧದ ಬಾಟಲಿಯ ಮುಚ್ಚಳದಲ್ಲಿ ಕೊಟ್ಟರು. ಅಷ್ಟು ನೀರು ಕುಡಿಯಲು ಅರ್ಧ ಗಂಟೆ ಹಿಡಿಯಿತು. ಕುಡಿದ ಮೇಲೆ ಹೊಟ್ಟೆ ತುಂಬಿತು. ಬುದ್ಧಿ ಬಂದಾಗಿನಿಂದ ನನಗೆ ಹೊಟ್ಟೆ ತುಂಬಿತು ಎಂದು ಅನ್ನಿಸಿದ್ದು ಅದೇ ಮೊದಲು.

ಚಾಮರಾಜನಗರಕ್ಕೆ ಬಂದ ಮೇಲೆ ಹುಣ್ಣಿನ ಕಾಟ ಶುರುವಾಯಿತು. ಹುಣ್ಣಿದ್ದವರು ಹೊಟ್ಟೆ ಖಾಲಿ ಬಿಡಬಾರದು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನೋಡಲು ಬಂದವರು ಬೂದುಗುಂಬಳದ ರಸ ತಂದರು, ಬಾಳೆದಿಂಡಿನ ಪಲ್ಯ ತಂದರು, ಗಂಜಿ ತಂದರು, ತಂದದ್ದನ್ನು ನಾನು ಕುಡಿದು ಮುಗಿಸುವವರೆಗೆ ಎದುರಿಗೇ ಕೂತರು. ಬೇಡವೆಂದರೆ, ಅದಕ್ಕೇ ಹುಣ್ಣಾಗಿದ್ದು ಎಂದರು. ಅವ್ವನಿಗೆ ನಿಜ ಗೊತ್ತಿತ್ತು, ಆದರೂ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಡಾಕ್ಟರು ಮೊದಮೊದಲು ನೀರಾಗಿರುವುದನ್ನೇ ಕೊಡಿ ಎಂದಿದ್ದರಲ್ಲ, ಅವಳು ಗಸಗಸೆ ಪಾಯಸ ಮಾಡಿದಳು. ಬೆಲ್ಲದ ಪಾನಕ ಮಾಡಿದಳು. ನಾನು ತಲೆ ಚಚ್ಚಿಕೊಂಡರೆ, “ನೀರಾಗೇ ಅದಲ್ಲ, ನೀನೇ ಬಗ್ಸಿ ನೋಡು” ಎಂದು ಲೋಟ ಓರೆ ಮಾಡಿ ತೋರಿಸುತ್ತಿದ್ದಳು. ಸಿಹಿ ನೀರು ಪಟ್ಟಿಯ ಸಂದಿಯಲ್ಲಿ ಸಲೀಸಾಗಿ ಜಾರಿಹೋಗುತ್ತದೆ. ಅದನ್ನು ಯಾವ ಪಿನ್ನೂ ತಡೆಯುವುದಿಲ್ಲ. ಇಷ್ಟೆಲ್ಲ ಕುಯ್ಸಿಕೊಂಡು ಪಾಯಸಕ್ಕೆ ಸೋಲುವುದೇ ಎಂದು ಆ ವಾರ ನಾನು ಅವ್ವನ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟರೆ ಹೊಟ್ಟೆ ಹಸಿದಿದೆಯೇನೋ ಎಂದು ಇನ್ನೊಂದು ಲೋಟ ಬಂತು.

ಇಳಿಯತೊಡಗಿದಾಗ ಅದೂ ತಪ್ಪಾಯಿತು. ರವಿಕೆ ಸಡಿಲವಾಯಿತು, ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬಂತು. ದಪ್ಪಗಿದ್ದೇನೆಂದು ಹದಿನೈದು ವರ್ಷ ಅಂದವರೇ ಈಗ, ಅಯ್ಯೋ ಸೊರಗಿಬುಟ್ಟವಳೆ, ಒಳಗೇನೋ ದೊಡ್ಡದೇ ಅದೆ ಎಂದು ಅವ್ವನ ಮುಂದೆ ಲೊಚಗುಟ್ಟಿದರು. ಉಮ್ಮತ್ತೂರಿನ ಕಡೆಯ ಒಂದು ಸಂಬಂಧದವರು ವಿಚಾರಿಸಿಕೊಂಡು ಹೋದವರು, ಹುಡುಗಿಗೆ ವಾಸಿಯಾಗದ ಕಾಯಿಲೆಯಂತೆ ಎಂದು ಹೇಳಿಕಳಿಸಿದರು. ಯಾವ ಸಂಬಂಧ ಉಳಿಯಲಿ ಎಂದು ಅಪ್ಪ ಹುಣ್ಣಿನ ಕತೆ ಕಟ್ಟಿದ್ದರೋ ಅದು ಹುಣ್ಣಿನಿಂದಲೇ ಹೋಯಿತು. ಅಪ್ಪ ಆಗಲೂ ನಿಜ ಹೇಳೋಣ ಎನ್ನಲಿಲ್ಲ. ಇನ್ನೂ ಸ್ವಲ್ಪ ದಿನ ನೋಡೋಣ ಎಂದರು.

ರಜೆ ಮುಗಿದು ಕೆಲಸಕ್ಕೆ ಹೊರಟಾಗ ದಿನವೂ ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವುದು ಬೇಡವೆಂದು ನನ್ನನ್ನು ತೆರಕಣಾಂಬಿಯಲ್ಲಿ ಇರಿಸಿದರು. ಅಲ್ಲಿಂದ ಗುಂಡ್ಲುಪೇಟೆ ಹತ್ತಿರ. ಅದು ಅಪ್ಪನ ಹುಟ್ಟಿದ ಮನೆ. ಅಲ್ಲಿ ಅಜ್ಜಿ, ಚಿಕ್ಕಪ್ಪ, ಚಿಕ್ಕವ್ವ ಇದ್ದಾರೆ. ಅವರಿಗೂ ಹುಣ್ಣು ಎಂದೇ ಹೇಳಿತ್ತು.

ನಮ್ಮ ಮನೆಗಳಲ್ಲಿ ತಟ್ಟೆಗೆ ಬಿದ್ದದ್ದು ಅನ್ನವಲ್ಲ, ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿಯಬೇಕು. ಚಾಮರಾಜನಗರದಲ್ಲಿ ಈ ನಿಯಮ ಹಬ್ಬದ ದಿನಕ್ಕೆ ಮಾತ್ರ ಉಳಿದಿದೆ. ಅಜ್ಜಿಯ ಮನೆಯಲ್ಲಿ ದಿನವೂ ಇದೆ. ಎಪ್ಪತ್ತು ದಾಟಿದ ಅಜ್ಜಿ ಕೊರಳಲ್ಲಿ ಲಿಂಗ, ಕೈಯಲ್ಲಿ ಕೋಲು ಹಿಡಿದು ಊಟದ ಸಾಲಿನ ಕೊನೆಯಲ್ಲಿ ಕೂತರೆ, ಯಾರ ತಟ್ಟೆಯಲ್ಲಿ ಏನಿದೆ ಎಂಬುದು ಅವಳಿಗೆ ಕಾಣುತ್ತಿತ್ತು. ವಾರದ ದಿನಗಳಲ್ಲಿ ನಾನು ಕಾಲೇಜಿನಲ್ಲೇ ಉಂಡೆ ಎಂದು ಹೇಳಿ, ಅವರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ನನ್ನ ಮೂರು ಚಮಚ ತಿಂದು ನಿಭಾಯಿಸುತ್ತಿದ್ದೆ. ಕಾರ್ತಿಕ ಬಂತು. ಕಾರ್ತಿಕದ ಸೋಮವಾರಗಳಲ್ಲಿ ಆ ಮನೆಗೆ ಸ್ವಾಮಿಗಳು ಬಂದು ಪೂಜೆ ಮಾಡುತ್ತಾರೆ. ಬೆಳಗಿನಿಂದ ಎಲ್ಲರಿಗೂ ಉಪವಾಸ. ಪೂಜೆಯಾದ ಮೇಲೆ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಪ್ರಸಾದ ತೆಗೆದುಕೊಳ್ಳಬೇಕು.

ಮೊದಲ ಸೋಮವಾರ ಕಾಲೇಜಿನ ನೆಪ ನಡೆಯಿತು. ಎರಡನೆಯ ಸೋಮವಾರ ಯಾವುದೋ ಕಾರಣಕ್ಕೆ ಕಾಲೇಜಿಗೆ ರಜೆ ಕೊಟ್ಟರು. ಅಪ್ಪ ಅವ್ವನೂ ಚಾಮರಾಜನಗರದಿಂದ ಬಂದರು. ಸಾಲಿನಲ್ಲಿ ಕೂತೆ. ಚಿಕ್ಕವ್ವ ಒಳ್ಳೆಯ ಮನಸ್ಸಿನವಳು, ನನ್ನ ದುರದೃಷ್ಟವೇ ಅದು. ಒಬ್ಬಟ್ಟು, ಅನ್ನ, ಅವರೆಕಾಳಿನ ಸಾರು ಹಿಡಿದು ಬಂದಳು. ಸ್ವಲ್ಪ ಸಾಕು ಚಿಕ್ಕವ್ವ ಎಂದೆ. “ಹುಣ್ಣಿರೋಳು ಬೆಳಗಿಂದ ಉಪಾಸ ಇದ್ದೀಯೆ, ಹೊಟ್ಟೆ ತುಂಬ ಉಣ್ಣು ಕೂಸು” ಎಂದು ಎರಡು ಒಬ್ಬಟ್ಟಿನ ಮೇಲೆ ತುಪ್ಪ ಸುರಿದಳು. ಬೇಡ ಎಂದು ಜೋರಾಗಿ ಹೇಳಲು ಎದುರಿಗೆ ಸ್ವಾಮಿಗಳು. ಅವ್ವನ ಕಡೆ ನೋಡಿದೆ, ಅವ್ವ ಅಪ್ಪನ ಕಡೆ ನೋಡಿದಳು, ಅಪ್ಪ ತಮ್ಮ ತಟ್ಟೆ ನೋಡಿಕೊಂಡರು. ಸಾಲಿನ ಕೊನೆಯಿಂದ ಅಜ್ಜಿ ಹೇಳಿದಳು: “ಪ್ರಸಾದ ಕಣವ್ವ. ಬುಡಬ್ಯಾಡ.”

ಅರ್ಧ ಒಬ್ಬಟ್ಟು ಹೋಗುವಷ್ಟರಲ್ಲಿ ತುತ್ತು ಸಿಕ್ಕಿಕೊಂಡು ನಿಂತಿತು. ಅದು ಹೊಟ್ಟೆ ನೋವಿನಂಥ ನೋವಲ್ಲ. ಎದೆಮೂಳೆಯ ಹಿಂದೆ ಯಾರೋ ಗುಂಡುಕಲ್ಲು ಇಟ್ಟು ಒತ್ತಿದಂತೆ. ಬಾಯಿಯಲ್ಲಿ ಜೊಲ್ಲು ತುಂಬಿಕೊಳ್ಳುತ್ತದೆ, ಅದನ್ನೂ ನುಂಗಲಾಗುವುದಿಲ್ಲ. ಎಲ್ಲರೂ ಏಳುವ ಹೊತ್ತಾಯಿತು. ಉಳಿದದ್ದನ್ನು ಅವ್ವ ಯಾರೂ ನೋಡದಂತೆ ತನ್ನ ತಟ್ಟೆಗೆ ಎಳೆದುಕೊಂಡಳು. ಆದರೆ ತಟ್ಟೆ ತೊಳೆದ ನೀರು ಕುಡಿಯಬೇಕಿತ್ತು. ಅಜ್ಜಿ ನೋಡುತ್ತಿದ್ದಳು. ಕುಡಿದೆ. ಆ ನೀರು ಕಲ್ಲಿನ ಮೇಲೆ ನಿಂತಿತು, ಆಮೇಲೆ ಹಿತ್ತಿಲವರೆಗೂ ಓಡಲು ಬಿಡದೆ ವಾಪಸು ಬಂತು. ಕಲ್ಲು ಮಾತ್ರ ಅಲ್ಲೇ ಇತ್ತು. ವಾಂತಿ ಮಾಡಲು ಮುಕ್ಕರಿದಷ್ಟೂ ಒಳಗೆ ಹೊಲಿಗೆ ಎಳೆಯುತ್ತಿತ್ತು. ಪಿನ್ನು ಬಿಟ್ಟರೆ ಎಂದ ಸರ್ಜನ್ನಿನ ಮಾತು ನೆನಪಾಗಿ, ಆಸ್ಪತ್ರೆಗೆ ನಡೀರಿ ಎಂದೆ.

ಚಿಕ್ಕಪ್ಪನ ಜೀಪಿನಲ್ಲಿ ಗುಂಡ್ಲುಪೇಟೆಯ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಬೇಡವೆಂದರೂ ಅಜ್ಜಿ ಜೀಪು ಹತ್ತಿದಳು, ಚಿಕ್ಕವ್ವನೂ ಹತ್ತಿದಳು. ಅಲ್ಲಿನ ಡಾಕ್ಟರು ಏನಾಗಿತ್ತು ಎಂದು ಕೇಳಿದಾಗ ಅಪ್ಪ ಹೇಳಿದರು: “ಹೊಟ್ಟೆ ಹುಣ್ಣು ಡಾಕ್ಟ್ರೇ. ಕೊಯಮತ್ತೂರ್ನಲ್ಲಿ ಆಪರೇಷನ್ ಆಗದೆ.”

ಡಾಕ್ಟರಿಗೂ ಅದೇ ಸುಳ್ಳು. ಅದು ಅಪ್ಪನ ನಾಲಿಗೆಗೆ ಅಷ್ಟು ಒಗ್ಗಿಹೋಗಿತ್ತೋ, ಚಿಕ್ಕವ್ವ ಅಲ್ಲಿದ್ದಳೆಂದೋ, ನನಗೆ ಇವತ್ತಿಗೂ ತಿಳಿಯದು. ಡಾಕ್ಟರು ಹುಣ್ಣಿನ ಆಪರೇಷನ್ನಿಗೆ ಯಾರಾದರೂ ಮಾಡುವುದನ್ನೇ ಮಾಡಹೊರಟರು. ಮೂಗಿನಲ್ಲಿ ನಳಿಗೆ ಇಳಿಸಿ ಹೊಟ್ಟೆ ಖಾಲಿ ಮಾಡೋಣ ಎಂದು ನರ್ಸಿಗೆ ಹೇಳಿದರು. ನನ್ನ ಹೊಟ್ಟೆಯ ಮೇಲ್ಗಡೆ ನಳಿಗೆಗೆ ದಾರಿಯೇ ಇಲ್ಲ, ಒತ್ತಿದರೆ ಅದು ಹೊಲಿಗೆಗೇ ತಾಗುತ್ತದೆ. ನಾನು ಬಾಯಲ್ಲಿದ್ದ ಜೊಲ್ಲನ್ನು ಸೆರಗಿಗೆ ಉಗುಳಿ, ಆ ಕೋಣೆಯಲ್ಲಿದ್ದ ಅಷ್ಟು ಜನರ ಮುಂದೆ ಹೇಳಿದೆ.

“ಹುಣ್ಣಲ್ಲ ಡಾಕ್ಟ್ರೇ. ತೂಕ ಇಳಿಸೋಕೆ ಹೊಟ್ಟೆ ಸಣ್ಣ ಮಾಡಿ ಹೊಲಿದಿದಾರೆ. ನಳಿಗೆ ಹಾಕ್ಬೇಡಿ. ಮೊದಲು ಕೊಯಮತ್ತೂರಿಗೆ ಫೋನ್ ಮಾಡಿ.”

ಡಾಕ್ಟರು ಅಪ್ಪನನ್ನು ನೋಡಿದರು. ಅಪ್ಪ ನಂಬರು ಕೊಟ್ಟರು. ಎಸ್‌ಟಿಡಿ ಸಿಗಲು ಹೊತ್ತಾಯಿತು. ಸರ್ಜನ್ ಆ ಕಡೆಯಿಂದ, ನಳಿಗೆ ಖಂಡಿತ ಬೇಡ, ಬಾಯಿಗೆ ಏನೂ ಕೊಡಬೇಡಿ, ಡ್ರಿಪ್ ಹಾಕಿ ನೆಟ್ಟಗೆ ಕೂರಿಸಿ, ಹೊಟ್ಟೆ ಗಟ್ಟಿಯಾದರೆ ಅಥವಾ ಜ್ವರ ಬಂದರೆ ಆ ಕ್ಷಣವೇ ಕಳಿಸಿ ಎಂದರಂತೆ. ಕಾಯುವುದು ಬಿಟ್ಟು ಇನ್ನೇನೂ ಉಳಿಯಲಿಲ್ಲ.

ಕಾಯುವಾಗ ಅಜ್ಜಿ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಎಷ್ಟು ಸಣ್ಣ ಮಾಡಿದ್ದಾರೆ ಎಂದು ಕೇಳಿದಳು. ಒಂದು ನಿಂಬೆಹಣ್ಣಿನಷ್ಟು ಎಂದೆ.

“ಉಳ್ದುದ್ದ ಏನ್ ಮಾಡುದ್ರು?”

“ಅಲ್ಲೇ ಅದೆ ಅಜ್ಜಿ.”

“ಕಿತ್ತಾಕ್ನಿಲ್ಲ?”

“ಇಲ್ಲ.”

ಅದನ್ನು ಕೇಳಿ ಅವಳಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆಮೇಲೆ ಬಾಗಿಲ ಬಳಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು. “ಇದ ಮೊದ್ಲೇ ಯಾಕ್ಲಾ ಯೋಳ್ನಿಲ್ಲ?”

ಅಪ್ಪ ಮರ್ಯಾದೆ, ಮದುವೆ ಎಂದು ಏನೋ ತೊದಲಿದರು.

“ನಿನ್ ಮರ್ವಾದಿ ಉಳ್ಸಕೆ ನನ್ ಕೈಲಿ ಮಗೀನ ಕೊಲ್ಲುಸ್ತಿದ್ದಲ್ಲೋ” ಎಂದಳು ಅಜ್ಜಿ. ದನಿ ಎತ್ತಲಿಲ್ಲ. ಅಪ್ಪ ಹೊರಗೆ ಹೋದರು.

ಅಷ್ಟರಲ್ಲಿ ಚಿಕ್ಕವ್ವನ ಅಳು ಶುರುವಾಯಿತು. ನಾನೇನು ವಿಷ ಇಕ್ಕಿದೆನೇ, ಒಬ್ಬಟ್ಟು ತಾನೇ ಇಕ್ಕಿದ್ದು ಎಂದು ಗೋಡೆಗೆ ಹಣೆ ಇಟ್ಟು ಅತ್ತಳು. ಒಂದು ಕೈಯಲ್ಲಿ ಡ್ರಿಪ್ಪಿನ ಸೂಜಿ, ಎದೆಯಲ್ಲಿ ಕಲ್ಲು, ಇಷ್ಟಿಟ್ಟುಕೊಂಡು ನಾನು ಇನ್ನೊಂದು ಕೈಯಲ್ಲಿ ಅವಳ ಬೆನ್ನು ಸವರಿ, ಒಬ್ಬಟ್ಟು ಚೆನ್ನಾಗಿತ್ತು ಚಿಕ್ಕವ್ವ ಎಂದು ಹೇಳಬೇಕಾಯಿತು. ಕಾಯಿಲೆಯವರು ಕಾಯಿಲೆಯಿಲ್ಲದವರನ್ನು ಸಮಾಧಾನ ಮಾಡಬೇಕು ಎಂಬುದನ್ನು ಯಾವ ಸರ್ಜನ್ನೂ ಮೊದಲೇ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

ದೀಪ ಹಚ್ಚುವ ಹೊತ್ತಿಗೆ, ಏನೂ ಮಾಡದೆ, ಕಲ್ಲು ತಾನಾಗಿ ಜಾರಿತು. ಎಂಜಲು ನುಂಗಿ ನೋಡಿದೆ. ಇಳಿಯಿತು. ಎಂಜಲು ನುಂಗುವುದು ಇಷ್ಟು ಸುಖವೆಂದು ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಅಜ್ಜಿ ಊರಿಗೆಲ್ಲ ಹೇಳಿದಳು. ನಾನು ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಜಗಲಿಯ ಮೇಲೆ ಕೂತು, ಹೋಗುವವರನ್ನು ನಿಲ್ಲಿಸಿ ಹೇಳಿದಳು. ಹೆಂಗಸರು ಬಂದು ನನ್ನ ತೋಳು ಹಿಡಿದು ನೋಡಿದರು. ಗಾಯ ತೋರಿಸು ಎಂದರು. ಎದುರು ಮನೆಯಾಕೆ, “ಉಣ್ಣಾಕೇ ಜಾಗ ಇಲ್ವಲ್ಲ, ಇನ್ನು ಸಂಬ್ಳ ತಕಂಡು ಏನ್ ಮಾಡೀಯೇ ಮೇಡಮ್ಮ?” ಎಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅಜ್ಜಿಯನ್ನು ಮಾತಾಡಿಸಲಿಲ್ಲ. ಆದರೆ ಗಂಜಿಯ ಪಾತ್ರೆ ಹಿಡಿದು ಬರುವವರು ನಿಂತರು. ಕ್ಯಾನ್ಸರಂತೆ ಎಂಬ ಮಾತು ನಿಂತಿತು. ಹಿಂದಿನ ಬೀದಿಯ ಒಬ್ಬಳು ದಪ್ಪ ಹುಡುಗಿ, ಹತ್ತನೆಯ ತರಗತಿಯವಳು, ಎಲ್ಲರೂ ಹೋಗುವವರೆಗೆ ಕಾದು ನಿಂತು, ತುಂಬ ನೋವಾಗುತ್ತಾ ಎಂದು ಕೇಳಿದಳು. ಆಗುತ್ತೆ ಎಂದೆ. ನೀನು ಈಗಲೇ ಅದನ್ನೆಲ್ಲ ಯೋಚಿಸಬೇಡ, ಮೊದಲು ಒಳ್ಳೆಯ ಡಾಕ್ಟರಿಗೆ ತೋರಿಸು ಎಂದೆ.

ಈಗ ಎರಡು ವರ್ಷವಾಯಿತು. ತೂಕ ತೊಂಬತ್ತರ ಕೆಳಗೆ ಬಂದು ನಿಂತಿದೆ. ಅದಕ್ಕಿಂತ ಇಳಿಯುತ್ತಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ. ಅವ್ವ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಕೂದಲು ಬಂದಿದೆ, ತೋಳಿನ ಚರ್ಮ ಜೋತಿದೆ, ಉದ್ದ ತೋಳಿನ ರವಿಕೆ ಹೊಲಿಸಿಕೊಳ್ಳುತ್ತೇನೆ. ಅನ್ನ ಇನ್ನೂ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಸಿಹಿ ಕುಡಿದರೆ ತೂಕ ಏರುತ್ತದೆ. ಇದು ಮಂತ್ರವಲ್ಲ. ಮಾಡಿಸಿಕೊಳ್ಳಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಮಾಡಿಸಿಕೊಂಡರೆ, ನಿಮಗೆ ಬಡಿಸುವವರಿಗೆ ನಿಜ ಹೇಳಿ.

ಆ ಕಾರ್ತಿಕದ ಕೊನೆಯ ಸೋಮವಾರ ನಾನು ಊಟಕ್ಕೆ ಬರುವುದಿಲ್ಲ ಎಂದು ಕೋಣೆಯಲ್ಲೇ ಕೂತಿದ್ದೆ. ಅಜ್ಜಿ ಕೋಲು ಕುಟ್ಟಿಕೊಂಡು ಬಂದು, ನಡಿ ಎಂದಳು. ಪೂಜೆ ಮುಗಿದಿತ್ತು, ಸ್ವಾಮಿಗಳು ಕೂತಿದ್ದರು. ಸಾಲಿನ ಕೊನೆಯಲ್ಲಿ ತನ್ನ ಪಕ್ಕಕ್ಕೇ ನನ್ನನ್ನು ಕೂರಿಸಿಕೊಂಡಳು. ತನ್ನ ಕೈಯಾರೆ ಎರಡು ಚಮಚ ಮೆತ್ತಗಿನ ಅನ್ನ ಹಾಕಿದಳು. ಚಿಕ್ಕವ್ವ ಸೌಟು ಹಿಡಿದು ಬಂದಳು. ಅಷ್ಟೆಲ್ಲ ಅತ್ತಿದ್ದರೂ ಅವಳ ಕೈ ಬಗ್ಗಿಯೇ ಬಿಟ್ಟಿತು. ಅಜ್ಜಿ ನನ್ನ ತಟ್ಟೆಯ ಮೇಲೆ ತನ್ನ ಅಂಗೈ ಅಗಲವಾಗಿ ಮುಚ್ಚಿದಳು. ನನ್ನ ಕೈಯಾಗಿದ್ದರೆ ಬೆರಳ ಸಂದಿಯಲ್ಲೇ ಸುರಿದಿರುತ್ತಿದ್ದರು. ಆ ಕೈಯ ಮೇಲೆ ಸುರಿಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ಚಿಕ್ಕವ್ವ ಮುಂದಕ್ಕೆ ಹೋದಳು.

ನಾನು ನಿಧಾನವಾಗಿ ಅಗಿದು, ಅಗಿದು, ಮುಗಿಸಿದೆ. ತಟ್ಟೆ ತೊಳೆಯುವ ಹೊತ್ತು ಬಂತು. ಊಟದ ಜೊತೆ ನೀರು ನನಗೆ ಆಗುವುದಿಲ್ಲ. ಅಜ್ಜಿಗೆ ಅದನ್ನು ನಾನು ಹೇಳಿದ್ದು ಒಂದೇ ಸಲ. ಅವಳು ನನ್ನ ತಟ್ಟೆ ಎಳೆದುಕೊಂಡು ಅದಕ್ಕೆ ನೀರು ಹಾಕಿದಳು, ಬೆರಳಲ್ಲಿ ಸುತ್ತ ತೊಳೆದಳು, ಎರಡು ಕೈಯಲ್ಲಿ ಎತ್ತಿ ಕುಡಿದಳು. ಹಿರಿಯರು ಕಿರಿಯರ ತಟ್ಟೆಯದನ್ನು ಕುಡಿಯುವುದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅಪ್ಪ “ಅವ್ವಾ” ಎಂದು ಅರ್ಧ ಎದ್ದರು.

“ಪ್ರಸಾದುಕ್ಕೆ ಎಂತಾ ಎಂಜ್ಲು ಕಣ್ಲಾ. ಕುತ್ಕೊ” ಎಂದಳು ಅಜ್ಜಿ. ಸ್ವಾಮಿಗಳು ತಲೆ ಬಗ್ಗಿಸಿಕೊಂಡು ತಮ್ಮ ಪಾಡಿಗೆ ಉಣ್ಣುತ್ತಿದ್ದರು. ಅಜ್ಜಿ ನನ್ನ ತಟ್ಟೆಯನ್ನು ತನ್ನ ತಟ್ಟೆಯ ಮೇಲಿಟ್ಟು, ಎರಡನ್ನೂ ನನ್ನ ಕೈಗೆ ಕೊಟ್ಟು, ಏಳಲು ನನ್ನ ಭುಜ ಹಿಡಿದಳು.